ಮ್ಯಾಜಿಟ್: ಗೋಜಲಾದ ಬದಲಾವಣೆಗಳನ್ನು ಎಳೆಎಳೆಯಾಗಿ ಬಿಡಿಸಿಕೊಡುವ ಗಿಟ್ ಸಾಧನ

ಒಂದೇ ಫೈಲಿನಲ್ಲಿ ಮೂರು ಕೆಲಸ ಬೆರೆತುಹೋಗುವುದು ಕೋಡ್ ಬರೆಯುವವರಿಗೆಲ್ಲ ಗೊತ್ತಿರುವ ಪಾಡು. ದೋಷವೊಂದನ್ನು ಸರಿಪಡಿಸಲು ಕೂತಿರುತ್ತೀರಿ. ನಡುವೆ ಅರ್ಥವಾಗದ ಹೆಸರೊಂದು ಕಣ್ಣಿಗೆ ಬೀಳುತ್ತದೆ, ಅದನ್ನೂ ಬದಲಿಸುತ್ತೀರಿ. ಒಳಗೆ ಏನಾಗುತ್ತಿದೆ ಎಂದು ನೋಡಲು ಹಾಕಿದ ಪ್ರಿಂಟ್ ಸಾಲು ಅಲ್ಲೇ ಉಳಿದಿರುತ್ತದೆ. ಮೊದಲ ಎರಡು ಬೇರೆ ಬೇರೆ ಕಮಿಟ್ (ಇತಿಹಾಸದಲ್ಲಿ ದಾಖಲಾಗುವ ಬದಲಾವಣೆ) ಆಗಬೇಕು, ಮೂರನೆಯದು ಕಸಕ್ಕೆ ಹೋಗಬೇಕು. ಕೋಡಿನ ಬದಲಾವಣೆಗಳ ಇತಿಹಾಸ ಇಡುವ ಗಿಟ್ ಬಳಸುವವರಿಗೆ ಟರ್ಮಿನಲ್ಲಿನಲ್ಲಿ ಇದಕ್ಕೆ 'ಗಿಟ್ ಆಡ್ -ಪಿ' ಇದೆ. ಅದು ಒಂದೊಂದೇ ತುಣುಕು ತೋರಿಸಿ ಬೇಕೋ ಬೇಡವೋ ಎಂದು ಕೇಳುತ್ತಾ ಹೋಗುತ್ತದೆ. ಮುಂದೆ ಏನು ಬರಲಿದೆ, ಈಗಾಗಲೇ ಏನನ್ನು ಆರಿಸಿಕೊಂಡಿದ್ದೇವೆ ಎಂಬುದು ಒಟ್ಟಿಗೆ ಕಾಣುವುದಿಲ್ಲ. ತುಣುಕಿನ ಒಳಗಿನ ಒಂದು ಸಾಲು ಮಾತ್ರ ಬೇಕೆಂದರೆ ಬದಲಾವಣೆಯ ಪಠ್ಯವಾದ ಪ್ಯಾಚನ್ನೇ ಕೈಯಾರೆ ತಿದ್ದಬೇಕು. ಆ ತೊಡಕಿಗೆ ಬೇಸತ್ತು ಎಲ್ಲವನ್ನೂ ಒಂದೇ ಕಮಿಟ್‌ಗೆ ತುಂಬಿ ಕೈತೊಳೆದುಕೊಳ್ಳುವವರೇ ಹೆಚ್ಚು. ಮುಂದೊಂದು ದಿನ ಆ ತಿದ್ದುಪಡಿಯನ್ನಷ್ಟೇ ಹಿಂದಕ್ಕೆ ತೆಗೆಯಬೇಕಾದಾಗ ಹೆಸರು ಬದಲಾವಣೆಯೂ ಜೊತೆಗೇ ಕಿತ್ತುಬರುತ್ತದೆ.

ಈಮ್ಯಾಕ್ಸ್ ಎಡಿಟರಿನ ಮ್ಯಾಜಿಟ್ ಈ ಕೆಲಸವನ್ನು ಎಷ್ಟು ಹಗುರ ಮಾಡುತ್ತದೆ ಎಂದರೆ, ಶುಚಿಯಾದ ಕಮಿಟ್ ಮಾಡಲು ಬೇಕಾಗುವ ಶ್ರಮವೂ ಗಲೀಜು ಕಮಿಟ್‌ಗೆ ಬೇಕಾಗುವ ಶ್ರಮವೂ ಹೆಚ್ಚುಕಡಿಮೆ ಒಂದೇ ಆಗಿಬಿಡುತ್ತದೆ. ಇದೇ ಅದರ ನಿಜವಾದ ಹೆಚ್ಚುಗಾರಿಕೆ. ಗಿಟ್ ಕಲಿಯುವ ಕಷ್ಟವನ್ನು ಅದು ಇಲ್ಲವಾಗಿಸುವುದಿಲ್ಲ, ಇಂಡೆಕ್ಸ್ (ಮುಂದಿನ ಕಮಿಟ್‌ಗೆ ಆರಿಸಿಟ್ಟ ಬದಲಾವಣೆಗಳ ಜಾಗ) ಅಂದರೇನು, ರೀಬೇಸ್ (ಕಮಿಟ್‌ಗಳನ್ನು ಹೊಸದಾಗಿ ಮತ್ತೆ ಕೂರಿಸುವುದು) ಅಂದರೇನು ಎಂದು ತಿಳಿದಿರಲೇಬೇಕು. ತಿಳಿದವರ ಕೈ ಮಾತ್ರ ಹತ್ತು ಪಟ್ಟು ಚುರುಕಾಗುತ್ತದೆ.

2008ರಲ್ಲಿ ಮಾರಿಯಸ್ ವೊಲ್ಮರ್ ಇದನ್ನು ಶುರುಮಾಡಿದರು. ಇಂದಿನ ರೂಪಕ್ಕೆ ತಂದು, ವರ್ಷಗಳಿಂದ ನಡೆಸಿಕೊಂಡು ಬರುತ್ತಿರುವವರು ಯೋನಾಸ್ ಬೆರ್ನೂಲಿ. 2017ರಲ್ಲಿ ಈ ಕೆಲಸಕ್ಕಾಗಿ ಬಳಕೆದಾರರಿಂದಲೇ ಹಣ ಸಂಗ್ರಹವೂ ಆಯಿತು. ಉಚಿತ, ಮುಕ್ತ ಆಕರದ ತಂತ್ರಾಂಶ, ಜಿಪಿಎಲ್ ಮೂರನೇ ಆವೃತ್ತಿಯ ಪರವಾನಗಿ. ಇಲ್ಲಿ ವಿಮರ್ಶಿಸುತ್ತಿರುವುದು ನಾಲ್ಕನೇ ಸರಣಿಯನ್ನು.

ಮುಂದೆ ಕೀಗಳ ಹೆಸರು ಉದ್ಧರಣ ಚಿಹ್ನೆಯೊಳಗೆ ಬರುತ್ತದೆ. 'ಎಸ್' ಎಂದರೆ ಸಣ್ಣಕ್ಷರ, 'ದೊಡ್ಡ ಎಸ್' ಎಂದರೆ ಶಿಫ್ಟ್ ಹಿಡಿದು ಒತ್ತಿದ್ದು. ಮ್ಯಾಜಿಟ್‌ನಲ್ಲಿ ಈ ವ್ಯತ್ಯಾಸ ಮುಖ್ಯ: ಸಣ್ಣ ಎಫ್ ಫೆಚ್ ಮೆನು ತೆರೆದರೆ ದೊಡ್ಡ ಎಫ್ ಪುಲ್ ಮೆನು ತೆರೆಯುತ್ತದೆ.

ಅನುಸ್ಥಾಪನೆಯಲ್ಲಿ ಎಡವುವ ಜಾಗ

ಮೆಟಾ-ಎಕ್ಸ್ (ಮೆಟಾ ಎಂದರೆ ಸಾಮಾನ್ಯವಾಗಿ ಆಲ್ಟ್ ಕೀ) ಒತ್ತಿ ಪ್ಯಾಕೇಜ್-ಇನ್‌ಸ್ಟಾಲ್, ಎಂಟರ್, ಮ್ಯಾಜಿಟ್, ಎಂಟರ್. ಈಮ್ಯಾಕ್ಸ್ 28ರಿಂದ ಮುಂದಕ್ಕೆ ನಾನ್-ಗ್ನೂ ಎಲ್ಪಾ ಭಂಡಾರ ಮೊದಲೇ ಸೇರಿರುವುದರಿಂದ ಬೇರೇನೂ ಬೇಕಿಲ್ಲ. ತೀರಾ ಹೊಸದು ಬೇಕೆಂದರೆ ಮೆಲ್ಪಾ ಭಂಡಾರವನ್ನು ಪಟ್ಟಿಗೆ ಸೇರಿಸಿಕೊಳ್ಳಬೇಕು.

ಇಷ್ಟು ಸಲೀಸಾಗಿ ಮುಗಿಯದಿರುವುದು ಒಂದೇ ಕಾರಣಕ್ಕೆ. ಮ್ಯಾಜಿಟ್‌ನ ಮೆನುಗಳೆಲ್ಲ ಟ್ರಾನ್ಸಿಯೆಂಟ್ ಎಂಬ ಇನ್ನೊಂದು ಪ್ಯಾಕೇಜಿನ ಮೇಲೆ ನಿಂತಿವೆ. ಈಮ್ಯಾಕ್ಸ್ 28ರಿಂದ ಅದು ಈಮ್ಯಾಕ್ಸ್ ಜೊತೆಗೇ ಬರುತ್ತದೆ, ಆದರೆ ಹಳೆಯ ಆವೃತ್ತಿ. ಜೊತೆಗೇ ಬಂದ ಪ್ಯಾಕೇಜನ್ನು ಪ್ಯಾಕೇಜ್ ವ್ಯವಸ್ಥೆ ತಾನಾಗಿ ಹೊಸತು ಮಾಡುವುದಿಲ್ಲ. ಹೀಗಾಗಿ ಹೊಸ ಮ್ಯಾಜಿಟ್, ಹಳೆಯ ಟ್ರಾನ್ಸಿಯೆಂಟ್ ಒಟ್ಟಿಗೆ ಬಂದು, ಮೆನು ತೆರೆಯುವಾಗಲೇ ದೋಷದ ಸಂದೇಶ ಕಾಣಿಸುತ್ತದೆ. ಪರಿಹಾರ ಸುಲಭ: ಈಮ್ಯಾಕ್ಸ್ 29 ಅಥವಾ ಅದಕ್ಕಿಂತ ಹೊಸದರಲ್ಲಿ ಪ್ಯಾಕೇಜ್-ಇನ್‌ಸ್ಟಾಲ್-ಅಪ್‌ಗ್ರೇಡ್-ಬಿಲ್ಟ್-ಇನ್ ಎಂಬ ವೇರಿಯಬಲ್‌ಗೆ ಟಿ ಎಂದು ಕೊಟ್ಟು, ಟ್ರಾನ್ಸಿಯೆಂಟನ್ನು ಹೊಸತು ಮಾಡಿ, ಈಮ್ಯಾಕ್ಸನ್ನು ಪೂರ್ತಿ ಮುಚ್ಚಿ ತೆರೆಯಬೇಕು. ಈ ಕೊನೆಯ ಹೆಜ್ಜೆ ತಪ್ಪಿಸಬಾರದು. ಹಳೆಯ ಟ್ರಾನ್ಸಿಯೆಂಟ್ ಆಗಲೇ ಮೆಮೊರಿಯಲ್ಲಿ ಕೂತಿದ್ದರೆ ಡಿಸ್ಕಿನ ಮೇಲೆ ಹೊಸದು ಬಂದರೂ ಪ್ರಯೋಜನವಿಲ್ಲ.

ಸ್ಟೇಟಸ್ ಪುಟ

ರೆಪಾಸಿಟರಿಯ, ಅಂದರೆ ಗಿಟ್ ನೋಡಿಕೊಳ್ಳುವ ಫೋಲ್ಡರಿನ, ಯಾವುದೇ ಫೈಲ್ ತೆರೆದಿರುವಾಗ 'ಕಂಟ್ರೋಲ್-ಎಕ್ಸ್ ಜಿ' ಒತ್ತಿದರೆ ಸ್ಟೇಟಸ್ ಪುಟ ಬರುತ್ತದೆ. ದಿನದ ಕೆಲಸವೆಲ್ಲ ಇಲ್ಲೇ. ಮೇಲ್ಗಡೆ ಈಗಿನ ಬ್ರಾಂಚ್ (ಕಮಿಟ್‌ಗಳ ಕವಲು), ಅದು ಯಾವುದಕ್ಕೆ ಸೇರಲಿದೆ, ಎಲ್ಲಿಗೆ ಪುಶ್ ಆಗಲಿದೆ, ಅಂದರೆ ಕಳುಹಿಸಲ್ಪಡಲಿದೆ, ಹತ್ತಿರದ ಟ್ಯಾಗ್ ಯಾವುದು ಎಂಬ ವಿವರ. ಕೆಳಗೆ ಗಿಟ್ ಇನ್ನೂ ಲೆಕ್ಕಕ್ಕೆ ತೆಗೆದುಕೊಳ್ಳದ ಫೈಲುಗಳು, ಸ್ಟೇಜ್ ಆಗದ (ಮುಂದಿನ ಕಮಿಟ್‌ಗೆ ಇನ್ನೂ ಆರಿಸದ) ಬದಲಾವಣೆ, ಸ್ಟೇಜ್ ಆದದ್ದು, ಸದ್ಯಕ್ಕೆ ಪಕ್ಕಕ್ಕಿಟ್ಟ ಕೆಲಸವಾದ ಸ್ಟ್ಯಾಷ್‌ಗಳು, ಪುಶ್ ಆಗದ ಕಮಿಟ್‌ಗಳು ಸಾಲಾಗಿ ಬರುತ್ತವೆ. ಖಾಲಿ ಇರುವ ವಿಭಾಗ ಕಾಣಿಸಿಕೊಳ್ಳುವುದೇ ಇಲ್ಲ, ಪುಟ ಚಿಕ್ಕದಿದ್ದಷ್ಟೂ ಕೆಲಸ ಬಾಕಿ ಕಡಿಮೆ ಎಂದರ್ಥ.

ಪ್ರತಿಯೊಂದನ್ನೂ ಟ್ಯಾಬ್ ಒತ್ತಿ ಬಿಚ್ಚಬಹುದು, ಮಡಚಬಹುದು. ವಿಭಾಗ ಬಿಚ್ಚಿದರೆ ಫೈಲುಗಳು, ಫೈಲ್ ಬಿಚ್ಚಿದರೆ ಬದಲಾದ ತುಣುಕುಗಳು, ಅಂದರೆ ಹಂಕ್‌ಗಳು. 'ಎನ್' ಮುಂದಿನದಕ್ಕೆ, 'ಪಿ' ಹಿಂದಿನದಕ್ಕೆ. ಹಂಕ್ ಮೇಲೆ ಎಂಟರ್ ಒತ್ತಿದರೆ ಫೈಲಿನ ಅದೇ ಸಾಲಿಗೆ ಹೋಗಿ ನಿಲ್ಲುತ್ತದೆ. ಓದುತ್ತಿರುವಾಗ ತಪ್ಪು ಕಂಡರೆ ಅಲ್ಲಿಗೆ ಹೋಗಿ ತಿದ್ದಿ ಮರಳಿ ಬರಬಹುದು. ಎಡಿಟರ್ ಒಳಗಿನ ಸಾಧನಕ್ಕೂ ಹೊರಗಿನ ಸಾಧನಕ್ಕೂ ಇರುವ ವ್ಯತ್ಯಾಸ ಅನುಭವಕ್ಕೆ ಬರುವುದು ಇಲ್ಲಿಯೇ.

ಇಡೀ ಸಾಧನದ ನಿಯಮ ಒಂದೇ: ಕರ್ಸರ್ ಯಾವುದರ ಮೇಲಿದೆಯೋ ಕೀ ಅದಕ್ಕೆ ಅನ್ವಯಿಸುತ್ತದೆ. 'ಎಸ್' ಸ್ಟೇಜ್ ಮಾಡುತ್ತದೆ, 'ಯು' ಅದನ್ನು ಹಿಂದೆಗೆಯುತ್ತದೆ, 'ಕೆ' ಬದಲಾವಣೆಯನ್ನೇ ಎಸೆಯುತ್ತದೆ. ಕರ್ಸರ್ ವಿಭಾಗದ ತಲೆಬರಹದ ಮೇಲಿದ್ದರೆ ಎಲ್ಲ ಫೈಲೂ, ಫೈಲಿನ ಹೆಸರಿನ ಮೇಲಿದ್ದರೆ ಆ ಫೈಲು, ಹಂಕ್ ಮೇಲಿದ್ದರೆ ಆ ಹಂಕ್. ಹಂಕ್ ಒಳಗೆ ಕಂಟ್ರೋಲ್-ಸ್ಪೇಸ್ ಒತ್ತಿ ಕೆಲವು ಸಾಲುಗಳನ್ನು ಗುರುತು ಮಾಡಿದ್ದರೆ ಆ ಸಾಲುಗಳು ಮಾತ್ರ. ಆರಂಭದಲ್ಲಿ ಹೇಳಿದ ಮೂರು ಕೆಲಸಗಳನ್ನು ಬಿಡಿಸಲು ಇಷ್ಟು ಸಾಕು: ಪ್ರಿಂಟ್ ಸಾಲನ್ನು ಗುರುತಿಸಿ 'ಕೆ', ದೋಷ ತಿದ್ದಿದ ಹಂಕ್ ಮೇಲೆ 'ಎಸ್', ಕಮಿಟ್. ಉಳಿದದ್ದಕ್ಕೆ 'ಎಸ್', ಇನ್ನೊಂದು ಕಮಿಟ್.

ಸಾಲುಗಳನ್ನು ಆರಿಸುವಾಗ ಒಂದು ಎಚ್ಚರ ಬೇಕು. ಬದಲಾದ ಒಂದು ಸಾಲು ಡಿಫ್‌ನಲ್ಲಿ ಎರಡು ಸಾಲಾಗಿ ಕಾಣುತ್ತದೆ, ಮೈನಸ್ ಇರುವ ಹಳೆಯದು, ಪ್ಲಸ್ ಇರುವ ಹೊಸದು. ಪ್ಲಸ್ ಸಾಲನ್ನು ಮಾತ್ರ ಗುರುತಿಸಿ ಸ್ಟೇಜ್ ಮಾಡಿದರೆ ಹಳೆಯ ಸಾಲೂ ಹೊಸ ಸಾಲೂ ಎರಡೂ ಕಮಿಟ್‌ನಲ್ಲಿ ಉಳಿಯುತ್ತವೆ. ನಿಮ್ಮ ಡಿಸ್ಕಿನಲ್ಲಿರುವ ಫೈಲ್ ಸರಿಯಾಗಿಯೇ ಇರುವುದರಿಂದ ಪರೀಕ್ಷೆಗಳು ಪಾಸಾಗುತ್ತವೆ, ಆದರೆ ಕಮಿಟ್ ಮಾತ್ರ ಮುರಿದಿರುತ್ತದೆ. ಎರಡನ್ನೂ ಸೇರಿಸಿಯೇ ಗುರುತಿಸಬೇಕು.

ಇನ್ನೂ ಕಗ್ಗಂಟಿನದು, ಅಕ್ಕಪಕ್ಕದ ಮೂರು ಸಾಲು ಬದಲಾಗಿ, ಮೊದಲ ಸಾಲಿನ ಬದಲಾವಣೆ ಮಾತ್ರ ಬೇಕಾದಾಗ. ಡಿಫ್‌ನಲ್ಲಿ ಮೂರು ಮೈನಸ್ ಸಾಲು ಮೊದಲು, ಮೂರು ಪ್ಲಸ್ ಸಾಲು ಆಮೇಲೆ. ಬೇಕಾದ ಮೈನಸ್ ಮತ್ತು ಪ್ಲಸ್ ಒಂದರ ಪಕ್ಕ ಒಂದಿಲ್ಲ, ಒಂದೇ ಗುರುತಿನಲ್ಲಿ ಎರಡೂ ಸಿಗುವುದಿಲ್ಲ. ಎರಡು ಸಲ ಬಿಡಿಬಿಡಿಯಾಗಿ ಸ್ಟೇಜ್ ಮಾಡಿದರೆ ಹೊಸ ಸಾಲು ಉಳಿದ ಎರಡು ಹಳೆಯ ಸಾಲುಗಳ ಕೆಳಗೆ ಹೋಗಿ ಕೂರುತ್ತದೆ, ಕ್ರಮವೇ ತಪ್ಪುತ್ತದೆ. ಇಂಥ ಕಡೆ 'ದೊಡ್ಡ ಇ' ಒತ್ತಿ, ನಂತರ 'ಎಸ್' ಒತ್ತಬೇಕು. ಈಮ್ಯಾಕ್ಸ್‌ನ ಹೋಲಿಕೆ ಸಾಧನವಾದ ಈಡಿಫ್ ತೆರೆದು ಹಿಂದಿನ ಕಮಿಟ್, ಇಂಡೆಕ್ಸ್, ಡಿಸ್ಕಿನ ಫೈಲ್ ಮೂರನ್ನೂ ತೋರಿಸುತ್ತದೆ. ನಡುವಿನ ಇಂಡೆಕ್ಸ್ ಪ್ರತಿಯನ್ನು ಬೇಕಾದಂತೆ ನೇರವಾಗಿಯೇ ತಿದ್ದಿ ಉಳಿಸಬಹುದು.

ದೂರದೂರದ ಎರಡು ಬದಲಾವಣೆ ಒಂದೇ ಹಂಕ್‌ನಲ್ಲಿ ಅಂಟಿಕೊಂಡಿದ್ದರೆ ಅಷ್ಟೆಲ್ಲ ಬೇಡ. ಮೈನಸ್ ಕೀ ಒತ್ತಿದಂತೆಲ್ಲ ಸುತ್ತಲಿನ ಬದಲಾಗದ ಸಾಲುಗಳು ಕಡಿಮೆಯಾಗಿ ಹಂಕ್ ತಾನೇ ಎರಡಾಗಿ ಒಡೆಯುತ್ತದೆ. ಪ್ಲಸ್ ಕೀ ಹೆಚ್ಚಿಸುತ್ತದೆ, ಸೊನ್ನೆ ಕೀ ಮೊದಲಿನ ಸ್ಥಿತಿಗೆ, ಅಂದರೆ ಮೂರು ಸಾಲಿಗೆ ತರುತ್ತದೆ. ಪೂರ್ತಿ ಸೊನ್ನೆಗೆ ಇಳಿಸಿದರೆ ಪ್ಯಾಚ್ ಹಚ್ಚಲು ಸುತ್ತಲಿನ ಸಾಲು ಸಾಲದು ಎಂದು ಮ್ಯಾಜಿಟ್ ನಿರಾಕರಿಸುತ್ತದೆ. ಒಂದು ಸಾಲಾದರೂ ಉಳಿಸಿಕೊಳ್ಳಿ.

ಫೈಲ್ ಉಳಿಸಿದ ಮಾತ್ರಕ್ಕೆ ಸ್ಟೇಟಸ್ ಪುಟ ತಾನಾಗಿ ಹೊಸತಾಗುವುದಿಲ್ಲ. ಮ್ಯಾಜಿಟ್ ಮೂಲಕ ಮಾಡಿದ ಕೆಲಸದ ನಂತರ ಮಾತ್ರ ಆಗುತ್ತದೆ. ಟರ್ಮಿನಲ್ಲಿನಲ್ಲಿ ಏನಾದರೂ ಮಾಡಿ ಬಂದಿದ್ದರೆ 'ಜಿ' ಒತ್ತಿ ಹೊಸತು ಮಾಡಿ. ಪ್ಯಾಚ್ ಹಚ್ಚಲಾಗಲಿಲ್ಲ ಎಂಬ ದೂರು ಬಂದರೆ ಹಳಸಿದ ಪುಟದ ಮೇಲೆ ಕೆಲಸ ಮಾಡಿದ್ದೇ ಸಾಮಾನ್ಯ ಕಾರಣ.

'ಕೆ' ಕೀಯ ಬಗ್ಗೆ ಪ್ರತ್ಯೇಕವಾಗಿ ಹೇಳಲೇಬೇಕು. ಅದು ಒಮ್ಮೆ ಕೇಳಿ, ಹೂಂ ಅಂದರೆ ಬದಲಾವಣೆಯನ್ನು ಅಳಿಸಿಬಿಡುತ್ತದೆ. ಕಮಿಟ್ ಆಗದ ಕೆಲಸವನ್ನು ಗಿಟ್ ಎಲ್ಲೂ ಕಾಪಿಟ್ಟಿರುವುದಿಲ್ಲ. ಬಳಸತೊಡಗಿದ ದಿನವೇ ಮ್ಯಾಜಿಟ್-ವಿಪ್-ಮೋಡ್ ಚಾಲೂ ಮಾಡಿಕೊಳ್ಳಿ. ಫೈಲ್ ಉಳಿಸಿದಾಗ, ಮ್ಯಾಜಿಟ್ ಏನನ್ನಾದರೂ ಬದಲಿಸುವ ಮುನ್ನ ಮತ್ತು ನಂತರ, ಅರ್ಧಕ್ಕೆ ನಿಂತ ಕೆಲಸದ ಪ್ರತಿಯನ್ನು ಅದು ರೆಫ್ಸ್/ವಿಪ್ ಎಂಬ ಬೇರೆಯೇ ಜಾಗದಲ್ಲಿ ಇಡುತ್ತಾ ಹೋಗುತ್ತದೆ. ಸಾಮಾನ್ಯ ಬ್ರಾಂಚ್ ಪಟ್ಟಿಯಲ್ಲಿ ಅದು ಕಾಣದು, ಬೇಕಾದಾಗ ಮ್ಯಾಜಿಟ್-ವಿಪ್-ಲಾಗ್ ಆಜ್ಞೆಯಿಂದ ತೆರೆದು ನೋಡಬಹುದು. ಇದನ್ನು ಮೊದಲಿನಿಂದಲೇ ಚಾಲೂ ಇಟ್ಟು ಕೊಡಬೇಕಿತ್ತು ಎಂಬುದು ನಮ್ಮ ಖಚಿತ ಅಭಿಪ್ರಾಯ. ಬೇಡದವರು ನಿಲ್ಲಿಸಿಕೊಳ್ಳುತ್ತಿದ್ದರು.

ಕಮಿಟ್, ಮತ್ತು ಮೆನುಗಳ ಸ್ವಭಾವ

'ಸಿ' ಒತ್ತಿದರೆ ಪರದೆಯ ಕೆಳಭಾಗದಲ್ಲಿ ಕಮಿಟ್ ಮೆನು ಏಳುತ್ತದೆ. ಮೇಲರ್ಧದಲ್ಲಿ ಆಯ್ಕೆಗಳು, ಕೆಳಗೆ ಕ್ರಿಯೆಗಳು. ಮತ್ತೆ 'ಸಿ' ಒತ್ತಿದರೆ ಸಾಮಾನ್ಯ ಕಮಿಟ್. ಕೈ ಪಳಗಿದ ಮೇಲೆ 'ಸಿ ಸಿ' ಒಂದೇ ಏಟಿಗೆ ಆಗುತ್ತದೆ, ಮೆನು ಕಣ್ಣಿಗೆ ಬೀಳುವ ಮುಂಚೆಯೇ ಕೆಲಸ ಮುಂದೆ ಹೋಗಿರುತ್ತದೆ. ಆಯ್ಕೆ ಬೇಕೆಂದರೆ ಗಿಟ್‌ನ ಆಜ್ಞೆಯಲ್ಲಿ ಬರೆಯುವ ಹಾಗೆಯೇ, ಉದಾಹರಣೆಗೆ ಕಮಿಟ್‌ಗೆ ಮುನ್ನ ಓಡುವ ತಪಾಸಣೆಯ ಸ್ಕ್ರಿಪ್ಟ್‌ಗಳಾದ ಹುಕ್‌ಗಳನ್ನು ತಪ್ಪಿಸಲು '-ಎನ್'. ಒಂದು ಆಯ್ಕೆ ಸದಾ ಇರಬೇಕೆಂದರೆ ಅದನ್ನು ಹಾಕಿ, ಮೆನು ತೆರೆದಿರುವಾಗಲೇ 'ಕಂಟ್ರೋಲ್-ಎಕ್ಸ್ ಕಂಟ್ರೋಲ್-ಎಸ್' ಒತ್ತಿದರೆ ಮುಂದೆಯೂ ನೆನಪಿಟ್ಟುಕೊಳ್ಳುತ್ತದೆ. ಇದೊಂದು ತಿಳಿಯದೆ ವರ್ಷಗಟ್ಟಲೆ ಅದೇ ಆಯ್ಕೆಯನ್ನು ಪ್ರತಿ ಸಲ ಒತ್ತುವವರಿದ್ದಾರೆ.

ಸಂದೇಶ ಬರೆಯುವ ಬಫರ್ (ಈಮ್ಯಾಕ್ಸ್ ಒಳಗಿನ ಪಠ್ಯದ ಪುಟ) ಪಕ್ಕದಲ್ಲೇ ಕಮಿಟ್ ಆಗಲಿರುವ ಡಿಫ್ ತೆರೆದಿರುತ್ತದೆ, ಅದನ್ನು ನೋಡುತ್ತಲೇ ಬರೆಯಬಹುದು. ಮೊದಲ ಸಾಲು 68 ಅಕ್ಷರ ದಾಟಿದರೆ ಬಣ್ಣ ಬದಲಾಗಿ ಎಚ್ಚರಿಸುತ್ತದೆ. ಮುಗಿಸಲು 'ಕಂಟ್ರೋಲ್-ಸಿ ಕಂಟ್ರೋಲ್-ಸಿ', ಕೈಬಿಡಲು 'ಕಂಟ್ರೋಲ್-ಸಿ ಕಂಟ್ರೋಲ್-ಕೆ'. ಸಾಮಾನ್ಯ ಫೈಲ್ ಮುಚ್ಚುವ ಹಾಗೆ ಬಫರನ್ನು ಕೊಲ್ಲಲು ಹೋಗಬೇಡಿ, ಹಿಂದೆ ಗಿಟ್ ಉತ್ತರಕ್ಕಾಗಿ ಕಾಯುತ್ತಾ ನಿಂತಿರುತ್ತದೆ. ಉದ್ದದ ಸಂದೇಶ ಬರೆದು ಮುಗಿಸಿದಾಗ ಹುಕ್ ಕೈಕೊಟ್ಟು ಕಮಿಟ್ ನಿಂತಿತೇ? ಕಾರಣ ಸರಿಪಡಿಸಿ, ಮತ್ತೆ 'ಸಿ ಸಿ' ಒತ್ತಿ, 'ಮೆಟಾ-ಪಿ' ಒತ್ತಿದರೆ ಹಿಂದೆ ಬರೆದ ಸಂದೇಶ ಮರಳಿ ಬರುತ್ತದೆ. ಮತ್ತೆ ಟೈಪಿಸುವ ಅಗತ್ಯವಿಲ್ಲ.

ಮುಗಿದ ಕಮಿಟ್‌ಗೆ ಕೈಹಾಕುವ ಬಗೆಗಳು ನಾಲ್ಕೈದಿವೆ. 'ಸಿ ಎ' ಕೊನೆಯ ಕಮಿಟ್‌ಗೆ ಸ್ಟೇಜ್ ಆದದ್ದನ್ನು ಸೇರಿಸಿ ಸಂದೇಶವನ್ನೂ ತಿದ್ದಲು ಬಿಡುತ್ತದೆ. 'ಸಿ ಇ' ಸಂದೇಶ ಮುಟ್ಟದೆ ಸೇರಿಸುತ್ತದೆ. 'ಸಿ ಡಬ್ಲ್ಯೂ' ಸಂದೇಶವನ್ನು ಮಾತ್ರ ತಿದ್ದುತ್ತದೆ, ಸ್ಟೇಜ್ ಆಗಿರುವುದನ್ನು ಹಾಗೇ ಬಿಡುತ್ತದೆ. ಈ ಕೊನೆಯದನ್ನು ಟರ್ಮಿನಲ್ಲಿನಲ್ಲಿ ಮಾಡಲು ಹೋಗಿ ಬೇಡದ ಬದಲಾವಣೆಯನ್ನೂ ಕಮಿಟ್‌ಗೆ ತುರುಕಿಬಿಡುವುದು ಮಾಮೂಲಿ ತಪ್ಪು.

ಎಲ್ಲಕ್ಕಿಂತ ಬೆಲೆಬಾಳುವುದು 'ಸಿ ದೊಡ್ಡ ಎಫ್'. ನಾಲ್ಕು ಕಮಿಟ್ ಹಿಂದೆ ಮಾಡಿದ ತಪ್ಪೊಂದು ಈಗ ಕಂಡಿತು ಎನ್ನಿ. ತಿದ್ದಿ ಸ್ಟೇಜ್ ಮಾಡಿ ಈ ಕೀಗಳನ್ನು ಒತ್ತಿದರೆ ಕಮಿಟ್‌ಗಳ ಪಟ್ಟಿ ತೆರೆಯುತ್ತದೆ. ತಪ್ಪಿದ್ದ ಕಮಿಟ್ ಮೇಲೆ ಕರ್ಸರ್ ಇಟ್ಟು 'ಕಂಟ್ರೋಲ್-ಸಿ ಕಂಟ್ರೋಲ್-ಸಿ'. ತಿದ್ದುಪಡಿ ಆ ಹಳೆಯ ಕಮಿಟ್ ಒಳಗೇ ಸೇರಿ, ಅದರ ಮೇಲಿನ ಮೂರೂ ಕಮಿಟ್‌ಗಳು ಹೊಸದಾಗಿ ಕೂರುತ್ತವೆ. ಫಿಕ್ಸಪ್ ಕಮಿಟ್ ಮಾಡಿ, ಐಡಿ ಹುಡುಕಿ, ಆಟೋಸ್ಕ್ವಾಶ್ ರೀಬೇಸ್ ಓಡಿಸುವ ಮೂರು ಹಂತ ಒಂದಾಯಿತು. ಮೇಲಿನ ಕಮಿಟ್‌ಗಳು ಅದೇ ಸಾಲನ್ನು ಮುಟ್ಟಿದ್ದರೆ ನಡುವೆ ಸಂಘರ್ಷ ಬಂದು ನಿಲ್ಲುತ್ತದೆ. ಬಿಡಿಸಿ, ಸ್ಟೇಜ್ ಮಾಡಿ 'ಆರ್ ಆರ್' ಎಂದರೆ ಮುಂದುವರಿಯುತ್ತದೆ, 'ಆರ್ ಎ' ಎಂದರೆ ರೀಬೇಸನ್ನು ಕೈಬಿಟ್ಟು ಅದು ಶುರುವಾಗುವ ಮುಂಚಿನ ಜಾಗಕ್ಕೆ ಮರಳುತ್ತದೆ.

ಬೇರೆಯವರು ಆಗಲೇ ಎಳೆದುಕೊಂಡಿರುವ ಕಮಿಟ್‌ಗಳನ್ನು ಹೀಗೆ ತಿದ್ದಿದರೆ ಅವರಿಗೆ ತೊಂದರೆ. ಅಂಥ ಕಡೆ ಮ್ಯಾಜಿಟ್ ತಡೆದು ಕೇಳುತ್ತದೆ. ಆದರೆ ಯಾವ ಬ್ರಾಂಚ್ ಪ್ರಕಟವಾದದ್ದು ಎಂದು ಅದು ತಿಳಿಯುವುದು ಮ್ಯಾಜಿಟ್-ಪಬ್ಲಿಶ್ಡ್-ಬ್ರಾಂಚಸ್ ಎಂಬ ಪಟ್ಟಿಯಿಂದ. ಅದರಲ್ಲಿ ಮೊದಲೇ ಇರುವ ಹೆಸರು ಒರಿಜಿನ್/ಮಾಸ್ಟರ್. ನಿಮ್ಮ ಮುಖ್ಯ ಬ್ರಾಂಚ್ ಹೆಸರು ಮೇನ್ ಆಗಿದ್ದರೆ ಒರಿಜಿನ್/ಮೇನ್ ಎಂದು ಸೇರಿಸಿಕೊಳ್ಳಿ. ಇಲ್ಲವಾದರೆ ಎಚ್ಚರಿಕೆ ಬರುವುದೇ ಇಲ್ಲ.

ರೀಬೇಸ್ ಮತ್ತು ಬ್ರಾಂಚ್

ಲಾಗ್‌ನಲ್ಲಿ ಒಂದು ಕಮಿಟ್ ಮೇಲೆ ನಿಂತು 'ಆರ್ ಐ' ಒತ್ತಿದರೆ ಅಲ್ಲಿಂದ ಮುಂದಿನವುಗಳ ಪಟ್ಟಿ ತಿದ್ದಲು ತೆರೆಯುತ್ತದೆ. ಗಿಟ್ ಕೊಡುವ ಅದೇ ಪಟ್ಟಿ, ಆದರೆ ಪದಗಳನ್ನು ಟೈಪಿಸುವ ಬದಲು ಒಂದೊಂದು ಕೀ: 'ಎಸ್' ಸ್ಕ್ವಾಶ್ (ಹಿಂದಿನ ಕಮಿಟ್ ಜೊತೆ ಒಂದಾಗಿಸು), 'ಎಫ್' ಫಿಕ್ಸಪ್ (ಹಾಗೆಯೇ, ಆದರೆ ಇದರ ಸಂದೇಶ ಬಿಟ್ಟು), 'ಇ' ಎಡಿಟ್, 'ಕೆ' ತೆಗೆದುಹಾಕು. 'ಮೆಟಾ-ಪಿ', 'ಮೆಟಾ-ಎನ್' ಸಾಲನ್ನು ಮೇಲೆ ಕೆಳಗೆ ಸರಿಸುತ್ತವೆ. ಪಟ್ಟಿಯಲ್ಲಿ ಹಳೆಯದು ಮೇಲಿರುತ್ತದೆ, ಲಾಗ್‌ನಲ್ಲಿ ಹೊಸದು ಮೇಲಿರುತ್ತದೆ. ಈ ತಿರುವುಮುರುವು ಗಿಟ್‌ನದೇ, ಆದರೆ ಅವಸರದಲ್ಲಿ ಬೇಡದ ಕಮಿಟ್‌ನೊಳಕ್ಕೆ ಸ್ಕ್ವಾಶ್ ಮಾಡುವ ತಪ್ಪು ಇದರಿಂದಲೇ ಆಗುವುದು. ಯಾವ ಸಾಲು ಏನೆಂದು ಅನುಮಾನವಿದ್ದರೆ ಸ್ಪೇಸ್ ಒತ್ತಿ, ಆ ಕಮಿಟ್ ಪಕ್ಕದಲ್ಲಿ ತೆರೆಯುತ್ತದೆ.

ಬ್ರಾಂಚ್ ಮೆನುವಿನಲ್ಲಿ 'ಬಿ ಬಿ' ಬೇರೆ ಬ್ರಾಂಚ್‌ಗೆ ಹೋಗಲು, 'ಬಿ ಸಿ' ಹೊಸದು ಮಾಡಿ ಅದಕ್ಕೆ ಹೋಗಲು. ಇವೆರಡು ಎಲ್ಲ ಸಾಧನದಲ್ಲೂ ಇವೆ. ಇಲ್ಲಿ ವಿಶೇಷವಾದದ್ದು 'ಬಿ ಎಸ್', ಸ್ಪಿನಾಫ್. ಬ್ರಾಂಚ್ ಮಾಡಲು ಮರೆತು ನೇರವಾಗಿ ಮೇನ್ ಮೇಲೆಯೇ ಮೂರು ಕಮಿಟ್ ಮಾಡಿಬಿಟ್ಟಾಗ ಇದನ್ನು ಒತ್ತಿ ಹೆಸರು ಕೊಡಿ. ಹೊಸ ಬ್ರಾಂಚ್‌ಗೆ ಆ ಮೂರೂ ಕಮಿಟ್ ಬರುತ್ತವೆ, ಮೇನ್ ತಾನು ಅನುಸರಿಸುವ ರಿಮೋಟ್ ಬ್ರಾಂಚ್ ಆದ ಅಪ್‌ಸ್ಟ್ರೀಮ್‌ನಲ್ಲಿ ಇದ್ದ ಜಾಗಕ್ಕೆ ಹಿಂದಿರುಗುತ್ತದೆ. ಮೇನ್‌ಗೆ ಅಪ್‌ಸ್ಟ್ರೀಮ್ ಹೇಳಿಲ್ಲದಿದ್ದರೆ ಮಾತ್ರ ಎಲ್ಲಿಗೆ ಹಿಂದಿರುಗಬೇಕೆಂದು ಗೊತ್ತಾಗದೆ ಅದು ಇದ್ದಲ್ಲೇ ಉಳಿಯುತ್ತದೆ.

ಹೊಸಬರು ಹೆಚ್ಚು ಗೊಂದಲಪಡುವುದು ಪುಶ್ ಮೆನುವಿನಲ್ಲಿ. 'ದೊಡ್ಡ ಪಿ' ಒತ್ತಿದರೆ 'ಪಿ' ಮತ್ತು 'ಯು' ಎಂಬ ಎರಡು ಗುರಿಗಳು ಕಾಣುತ್ತವೆ. 'ಯು' ಅಪ್‌ಸ್ಟ್ರೀಮ್, ನಿಮ್ಮ ಕೆಲಸ ಕೊನೆಗೆ ಸೇರಬೇಕಾದ ಬ್ರಾಂಚ್, ಸಾಮಾನ್ಯವಾಗಿ ಒರಿಜಿನ್/ಮೇನ್. 'ಪಿ' ಪುಶ್-ರಿಮೋಟ್, ನಿಮ್ಮ ಬ್ರಾಂಚಿನದೇ ಹೆಸರಿನ ಪ್ರತಿ ಹೋಗಿ ಕೂರುವ ಜಾಗ. ಹೀಗೆ ಬೇರೆ ಇಟ್ಟುಕೊಂಡರೆ ಮೇನ್‌ನಲ್ಲಿ ಏನು ಹೊಸತಿದೆ ಎಂಬುದೂ ನಿಮ್ಮದು ಎಷ್ಟು ಪುಶ್ ಆಗಿದೆ ಎಂಬುದೂ ಸ್ಟೇಟಸ್ ಪುಟದಲ್ಲಿ ಬೇರೆಬೇರೆಯಾಗಿ ಕಾಣುತ್ತವೆ. ಆದರೆ ಫೀಚರ್ ಬ್ರಾಂಚ್‌ನಲ್ಲಿದ್ದು, ಅಪ್‌ಸ್ಟ್ರೀಮ್ ಒರಿಜಿನ್/ಮೇನ್ ಆಗಿದ್ದಾಗ ಯೋಚಿಸದೆ 'ಯು' ಒತ್ತಿದರೆ ಕಮಿಟ್‌ಗಳು ನೇರವಾಗಿ ಮೇನ್‌ಗೆ ಹೋಗುತ್ತವೆ. ಮೆನುವಿನಲ್ಲಿ ಗುರಿಯ ಪೂರ್ತಿ ಹೆಸರು ಬರೆದಿರುತ್ತದೆ, ಕೈ ಪಳಗುವವರೆಗೆ ಅದನ್ನು ಓದಿಯೇ ಒತ್ತಿ. ರೀಬೇಸ್ ನಂತರ ಬಲವಂತವಾಗಿ ಪುಶ್ ಮಾಡಬೇಕಾದರೆ '-ಎಫ್' ಇದೆ. ಅದು ಫೋರ್ಸ್-ವಿತ್-ಲೀಸ್, ನಿಮಗೆ ತಿಳಿಯದಂತೆ ಬೇರೆಯವರು ಅಲ್ಲಿ ಏನಾದರೂ ಸೇರಿಸಿದ್ದರೆ ನಿಲ್ಲುತ್ತದೆ. ಕಣ್ಣುಮುಚ್ಚಿ ಮೇಲೆ ಬರೆಯುವ ಪೂರ್ಣ ಬಲವಂತಕ್ಕೆ ದೊಡ್ಡ ಎಫ್. ಅಪಾಯ ಕಡಿಮೆ ಇರುವುದನ್ನು ಸುಲಭದ ಕೀಗೆ ಕೊಟ್ಟಿರುವ ಈ ವಿವೇಕ ಮೆಚ್ಚಬೇಕಾದದ್ದು.

ಸಂಘರ್ಷ ಬಿಡಿಸಲು ಎರಡು ದಾರಿ. ಸಣ್ಣದಾದರೆ ಫೈಲ್ ತೆರೆದರೆ ಸಾಕು, ಎಸ್‌ಮರ್ಜ್ ಮೋಡ್ ತಾನೇ ಚಾಲೂ ಆಗಿರುತ್ತದೆ. 'ಕಂಟ್ರೋಲ್-ಸಿ ^ ಎನ್' ಮುಂದಿನ ಸಂಘರ್ಷಕ್ಕೆ, 'ಕಂಟ್ರೋಲ್-ಸಿ ^ ಯು' ಮೇಲಿನದನ್ನು ಉಳಿಸಲು, 'ಕಂಟ್ರೋಲ್-ಸಿ ^ ಎಲ್' ಕೆಳಗಿನದನ್ನು ಉಳಿಸಲು. ದೊಡ್ಡದಾದರೆ ಸ್ಟೇಟಸ್ ಪುಟದಲ್ಲಿ ಆ ಫೈಲ್ ಮೇಲೆ 'ಇ' ಒತ್ತಿ ಈಡಿಫ್ ತೆರೆಯಬಹುದು. ರೀಬೇಸ್ ಮಾಡುವಾಗ ಮೇಲಿನದು ನಿಮ್ಮದಲ್ಲ, ನೀವು ಯಾವುದರ ಮೇಲೆ ಕೂರಿಸುತ್ತಿದ್ದೀರೋ ಅದರದು. ಮರ್ಜ್ ಮಾಡುವಾಗಿನದಕ್ಕೆ ಇದು ಉಲ್ಟಾ.

ಇತಿಹಾಸ ಓದುವುದು

ಫೈಲ್ ಒಳಗಿದ್ದಾಗ 'ಕಂಟ್ರೋಲ್-ಸಿ ಮೆಟಾ-ಜಿ' ಒತ್ತಿದರೆ ಆ ಫೈಲಿಗೆ ಸಂಬಂಧಿಸಿದ ಮೆನು. ಅಲ್ಲಿಂದ 'ಎಲ್' ಫೈಲಿನ ಲಾಗ್, 'ಟಿ' ಕರ್ಸರ್ ಇರುವ ಫಂಕ್ಷನ್ನಿನದಷ್ಟೇ ಲಾಗ್, 'ಬಿ' ಬ್ಲೇಮ್, ಅಂದರೆ ಪ್ರತಿ ಸಾಲನ್ನು ಕೊನೆಗೆ ಬದಲಿಸಿದ ಕಮಿಟ್ ಯಾವುದು, ಯಾರದು ಎಂಬ ವಿವರ. ಬ್ಲೇಮ್ ಒಳಗೆ ಒಂದು ಸಾಲಿನ ಮೇಲೆ ನಿಂತು ಮತ್ತೆ 'ಬಿ' ಒತ್ತಿದರೆ ಆ ಬದಲಾವಣೆಗೂ ಹಿಂದಿನ ಸ್ಥಿತಿಯ ಬ್ಲೇಮ್ ಬರುತ್ತದೆ. ಕೊನೆಯ ಕಮಿಟ್ ಬರೀ ಇಂಡೆಂಟ್ ಸರಿಪಡಿಸಿದ್ದಾದರೆ ಅದನ್ನು ದಾಟಿ ನಿಜವಾದ ಲೇಖಕರನ್ನು ತಲುಪಲು ಇದಕ್ಕಿಂತ ಹತ್ತಿರದ ದಾರಿ ಇಲ್ಲ. 'ಕ್ಯೂ' ಒತ್ತುತ್ತಾ ಬಂದರೆ ಬಂದ ದಾರಿಯಲ್ಲೇ ವಾಪಸು.

ಲಾಗ್ ಒಂದು ಸಲಕ್ಕೆ 256 ಕಮಿಟ್ ತೋರಿಸುತ್ತದೆ, ಪ್ಲಸ್ ಕೀ ಅದನ್ನು ಇಮ್ಮಡಿ ಮಾಡುತ್ತದೆ. ಹಳೆಯ ಕಮಿಟ್‌ನ ಡಿಫ್‌ನಲ್ಲಿ ಎಂಟರ್ ಒತ್ತಿದರೆ ತೆರೆಯುವುದು ಆ ಕಾಲದ ಪ್ರತಿ, ತಿದ್ದಲು ಬಾರದು. ಈಗಿನ ಫೈಲಿಗೆ ಹೋಗಲು ಕಂಟ್ರೋಲ್-ಎಂಟರ್ ಒತ್ತಬೇಕು.

ಇನ್ನೊಂದು ಕೀ ಎಲ್ಲರಿಗೂ ತಿಳಿದಿರಲಿ: ಡಾಲರ್ ಚಿಹ್ನೆ. ಮ್ಯಾಜಿಟ್ ನಿಮ್ಮ ಪರವಾಗಿ ಓಡಿಸಿದ ಗಿಟ್ ಆಜ್ಞೆಗಳು ಅವುಗಳ ಉತ್ತರದೊಂದಿಗೆ ಸಾಲಾಗಿ ಕಾಣುತ್ತವೆ. ಪುಶ್ ಏಕೆ ತಿರಸ್ಕಾರವಾಯಿತು, ಹುಕ್ ಎಲ್ಲಿ ಮುಗ್ಗರಿಸಿತು ಎಂದು ತಿಳಿಯುವುದು ಇಲ್ಲೇ, ಕೆಳಗಿನ ಒಂದು ಸಾಲಿನ ದೋಷ ಸಂದೇಶ ಸಾಲುವುದಿಲ್ಲ. ಗಿಟ್ ಕಲಿಯುತ್ತಿರುವವರಿಗೂ ಇದು ಒಳ್ಳೆಯ ಪಾಠ. ಟರ್ಮಿನಲ್ಲಿನಲ್ಲಿ ಓಡುವ ಹುಕ್ ಇಲ್ಲಿ ಓಡದಿದ್ದರೆ, ಅದರಲ್ಲೂ ಮ್ಯಾಕ್‌ನಲ್ಲಿ ಐಕಾನ್ ಒತ್ತಿ ಈಮ್ಯಾಕ್ಸ್ ತೆರೆದಿದ್ದರೆ, ಶೆಲ್‌ನ ಪಾತ್ (ಪ್ರೋಗ್ರಾಮುಗಳನ್ನು ಹುಡುಕುವ ಫೋಲ್ಡರುಗಳ ಪಟ್ಟಿ) ಈಮ್ಯಾಕ್ಸ್‌ಗೆ ದಕ್ಕಿಲ್ಲ ಎಂದರ್ಥ. ಎಕ್ಸೆಕ್-ಪಾತ್-ಫ್ರಮ್-ಶೆಲ್ ಎಂಬ ಪ್ಯಾಕೇಜ್ ಅದನ್ನು ತುಂಬಿಕೊಡುತ್ತದೆ.

ನಿಧಾನಗತಿ

ಮ್ಯಾಜಿಟ್ ಮೇಲಿನ ದೊಡ್ಡ ದೂರು ಇದು, ದೂರು ನ್ಯಾಯವಾದದ್ದೇ. ಸ್ಟೇಟಸ್ ಪುಟದ ಪ್ರತಿ ವಿಭಾಗಕ್ಕೂ ಅದು ಗಿಟ್ ಪ್ರೋಗ್ರಾಮನ್ನು ಪ್ರತ್ಯೇಕವಾಗಿ ಕರೆಯುತ್ತದೆ. ಒಂದು ಕೀ ಒತ್ತಿದರೆ ಹಿಂದೆ ಹತ್ತಾರು ಕರೆಗಳು. ಲಿನಕ್ಸ್‌ನಲ್ಲಿ ಮಧ್ಯಮ ಗಾತ್ರದ ರೆಪಾಸಿಟರಿಗೆ ಇದು ಅರಿವಿಗೇ ಬರುವುದಿಲ್ಲ. ಹೊಸ ಪ್ರೋಸೆಸ್ ಹುಟ್ಟಿಸುವುದೇ ದುಬಾರಿಯಾಗಿರುವ ವಿಂಡೋಸ್‌ನಲ್ಲಿ ಪ್ರತಿ ಸ್ಟೇಜ್‌ಗೂ ಕಾಯಬೇಕಾಗುತ್ತದೆ. ಟ್ರ್ಯಾಂಪ್ ಮೂಲಕ ದೂರದ ಯಂತ್ರದ ಫೈಲುಗಳ ಮೇಲೆ ಕೆಲಸ ಮಾಡುವಾಗ ಪ್ರತಿ ಕರೆಯೂ ಜಾಲ ದಾಟಿ ಹೋಗಿ ಬರಬೇಕು. ಅಲ್ಲಿ ಆ ಯಂತ್ರದಲ್ಲೇ ಈಮ್ಯಾಕ್ಸ್ ಓಡಿಸುವುದು ಒಳ್ಳೆಯದು.

ಊಹೆಯ ಮೇಲೆ ಸೆಟ್ಟಿಂಗ್ ಬದಲಿಸುವ ಬದಲು ಮೊದಲು ಅಳೆಯಿರಿ. ಮ್ಯಾಜಿಟ್-ಟಾಗಲ್-ವರ್ಬೋಸ್-ರಿಫ್ರೆಶ್ ಆಜ್ಞೆ ಓಡಿಸಿ, ಸ್ಟೇಟಸ್ ಪುಟದಲ್ಲಿ 'ಜಿ' ಒತ್ತಿ, ಮೆಸೇಜಸ್ ಬಫರ್ ನೋಡಿ. ಯಾವ ವಿಭಾಗಕ್ಕೆ ಎಷ್ಟು ಸಮಯ ಹಿಡಿಯಿತು ಎಂದು ಬರೆದಿರುತ್ತದೆ, ತಡವಾದವುಗಳ ಪಕ್ಕ ಆಶ್ಚರ್ಯ ಚಿಹ್ನೆ ಇರುತ್ತದೆ. ಬಹಳ ಸಲ ಸಿಕ್ಕಿಬೀಳುವುದು ಟ್ಯಾಗ್ ತೋರಿಸುವ ಸಾಲು. ಹತ್ತಿರದ ಟ್ಯಾಗ್ ಹುಡುಕಲು ಗಿಟ್ ಇತಿಹಾಸದುದ್ದಕ್ಕೂ ನಡೆಯಬೇಕಾಗುತ್ತದೆ. ಮ್ಯಾಜಿಟ್-ಸ್ಟೇಟಸ್-ಹೆಡರ್ಸ್-ಹುಕ್‌ನಿಂದ ಮ್ಯಾಜಿಟ್-ಇನ್ಸರ್ಟ್-ಟ್ಯಾಗ್ಸ್-ಹೆಡರ್ ಅನ್ನು ರಿಮೂವ್-ಹುಕ್ ಬಳಸಿ ತೆಗೆದರೆ ಆಯಿತು. ಕಮಿಟ್ ತೆರೆದು ನೋಡುವಾಗ ತಡವಾದರೆ ಮ್ಯಾಜಿಟ್-ರಿವಿಷನ್-ಇನ್ಸರ್ಟ್-ರಿಲೇಟೆಡ್-ರೆಫ್ಸ್‌ಗೆ ನಿಲ್ ಕೊಡಿ. ವಿಂಡೋಸ್‌ನವರು ಗಿಟ್‌ನದೇ ಸೆಟ್ಟಿಂಗ್‌ಗಳಾದ ಕೋರ್.ಪ್ರೀಲೋಡ್‌ಇಂಡೆಕ್ಸ್ ಮತ್ತು ಕೋರ್.ಎಫ್ಎಸ್‌ಕ್ಯಾಶ್ ಎರಡನ್ನೂ ಟ್ರೂ ಮಾಡಿಕೊಳ್ಳಬೇಕು. ಮ್ಯಾಕ್‌ನಲ್ಲಿ ಮ್ಯಾಜಿಟ್-ಗಿಟ್-ಎಕ್ಸಿಕ್ಯೂಟಬಲ್‌ಗೆ ಗಿಟ್‌ನ ಪೂರ್ಣ ಪಾತ್ ಕೊಟ್ಟರೆ ಪ್ರತಿ ಕರೆಗೂ ಹುಡುಕಾಟ ತಪ್ಪುತ್ತದೆ. ಇಷ್ಟೆಲ್ಲ ಮಾಡಿದರೂ ಲಕ್ಷಗಟ್ಟಲೆ ಫೈಲುಗಳ ರೆಪಾಸಿಟರಿಯಲ್ಲಿ ಅದು ಓಡುವುದಿಲ್ಲ, ನಡೆಯುತ್ತದೆ.

ಬೇರೆಯವುಗಳ ಪಕ್ಕದಲ್ಲಿ

ಈಮ್ಯಾಕ್ಸ್‌ನಲ್ಲೇ ವಿಸಿ ಎಂಬ ವ್ಯವಸ್ಥೆ ಮೊದಲಿನಿಂದ ಇದೆ. ಅದು ಗಿಟ್ ಅಲ್ಲದೆ ಮರ್ಕ್ಯುರಿಯಲ್, ಸಬ್‌ವರ್ಷನ್ ಎಲ್ಲದಕ್ಕೂ ಒಂದೇ ಕೀಗಳನ್ನು ಕೊಡುತ್ತದೆ, ಹಗುರವಾಗಿದೆ, ನೋಡುವುದು ಒಂದೊಂದೇ ಫೈಲಿನ ದೃಷ್ಟಿಯಿಂದ. ಈಮ್ಯಾಕ್ಸ್ 29ರಿಂದ ಡಿಫ್ ಬಫರಿನಲ್ಲಿ ಬೇಡದ ಹಂಕ್ ಅಳಿಸಿ ಉಳಿದದ್ದನ್ನು ಕಮಿಟ್ ಮಾಡುವುದೂ ಸಾಧ್ಯ. ತೀರಾ ದೊಡ್ಡ ರೆಪಾಸಿಟರಿಯಲ್ಲಿ ಮ್ಯಾಜಿಟ್ ತಡವರಿಸಿದಾಗ ಒಂದು ಫೈಲಿನ ಸಣ್ಣ ಕಮಿಟ್‌ಗೆ ಇದನ್ನೇ ಬಳಸುವುದು ಜಾಣತನ. ವಿಎಸ್ ಕೋಡ್‌ನ ಗಿಟ್ ಫಲಕದಲ್ಲೂ ಆರಿಸಿದ ಸಾಲುಗಳನ್ನು ಸ್ಟೇಜ್ ಮಾಡಬಹುದು, ಹಳೆಯ ಕಮಿಟ್‌ಗೆ ತಿದ್ದುಪಡಿ ಸೇರಿಸುವಂಥ ಕೆಲಸಕ್ಕೆ ಮಾತ್ರ ಅದು ಮ್ಯಾಜಿಟ್ ಸಮಕ್ಕೆ ಬರುವುದಿಲ್ಲ. ವಿಮ್ ಬಳಸುವವರಿಗೆ ಫ್ಯುಜಿಟಿವ್ ಗಟ್ಟಿ ಸಾಧನ, ನಿಯೋವಿಮ್‌ನ ನಿಯೋಗಿಟ್ ಮ್ಯಾಜಿಟ್ ದಾರಿಯಲ್ಲೇ ನಡೆಯುತ್ತದೆ.

ಈಮ್ಯಾಕ್ಸ್ ಬೇಡ, ಮ್ಯಾಜಿಟ್ ಮಾತ್ರ ಬೇಕು ಎನ್ನುವವರಿಗೂ ದಾರಿಯಿದೆ. ಈಮ್ಯಾಕ್ಸ್ ಹಾಕಿಕೊಂಡು, ಸೆಟ್ಟಿಂಗ್ ಫೈಲಿನಲ್ಲಿ ಮ್ಯಾಜಿಟ್ ಬಿಟ್ಟು ಬೇರೇನೂ ಇಡದೆ, ರೆಪಾಸಿಟರಿಯ ಫೋಲ್ಡರಿನಿಂದ 'ಈಮ್ಯಾಕ್ಸ್ -ಎನ್‌ಡಬ್ಲ್ಯೂ -ಎಫ್ ಮ್ಯಾಜಿಟ್-ಸ್ಟೇಟಸ್' ಎಂಬ ಆಜ್ಞೆಯನ್ನು ಶೆಲ್‌ನಲ್ಲಿ ಒಂದು ಚಿಕ್ಕ ಅಡ್ಡಹೆಸರಿಗೆ ಕಟ್ಟಿಕೊಳ್ಳಿ. ಟರ್ಮಿನಲ್ಲಿನಲ್ಲೇ ಸ್ಟೇಟಸ್ ಪುಟ ತೆರೆಯುತ್ತದೆ. ಬಹುತೇಕ ಟರ್ಮಿನಲ್‌ಗಳು ಕಂಟ್ರೋಲ್-ಎಂಟರ್‌ನಂಥ ಕೀಗಳನ್ನು ದಾಟಿಸುವುದಿಲ್ಲ, ಮೇಲೆ ಹೇಳಿದ ಒಂದಕ್ಷರದ ಕೀಗಳೆಲ್ಲ ಸರಿಯಾಗಿ ನಡೆಯುತ್ತವೆ. ಹೊರಬರಲು 'ಕಂಟ್ರೋಲ್-ಎಕ್ಸ್ ಕಂಟ್ರೋಲ್-ಸಿ'.